ಲಿಸ್ಟ್ ಬರೆದವರು ಯಾರು?

ನಮ್ಮ ಕಂಪನಿಗಳಲ್ಲಿ ಒಂದು ಅಭ್ಯಾಸ ಇದೆ. ಏನಾದರೂ ಮುರಿದು ಬಿದ್ದರೆ, ಕೊನೆಯದಾಗಿ ಯಾರು ಕೀಬೋರ್ಡ್ ಮುಟ್ಟಿದ್ದರೋ ಅವರನ್ನು ಹಿಡಿಯುವುದು. ಊರಲ್ಲಿ ಹಳೇ ಗೋಡೆ ಬಿದ್ದಾಗ ಅದಕ್ಕೆ ಒರಗಿ ನಿಂತಿದ್ದ ಹುಡುಗನಿಗೆ ಎಲ್ಲರೂ ಸೇರಿ ಬೈಯುವ ಹಾಗೆ. ಮಣ್ಣು ಸರಿಯಾಗಿ ಕಲಸದೆ ಆ ಗೋಡೆ ಇಟ್ಟವನು ಅಷ್ಟೊತ್ತಿಗೆ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ಕೊಂಡು, ತಾನೂ ಎರಡು ಮಾತು ಬೈತಿರ್ತಾನೆ.

ಈ ಬರಹದಲ್ಲಿ ಗೋಡೆ ಇಟ್ಟವನು ನಾನು. ಅದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ನಾನು ಬಹಳ ಜನರನ್ನು ಬೈಯೋದಿದೆ.

ವಿಷಯ ಕೇಳೋಕೆ ಒಣಕಲು ಅನ್ನಿಸಬಹುದು. ಕ್ಲೌಡ್ ನೆಟ್‌ವರ್ಕ್ ಕಟ್ಟುವ ಕೋಡ್‌ನಲ್ಲಿ ಸಬ್‌ನೆಟ್‌ಗಳನ್ನು ಲಿಸ್ಟ್ ಆಗಿ ಬರೆಯಬೇಕೋ, ಹೆಸರಿಟ್ಟು ಬರೆಯಬೇಕೋ ಅನ್ನೋದು. ಆದರೆ ಈ ಒಣಕಲು ವಿಷಯದಲ್ಲಿ ಒಬ್ಬ ಹುಡುಗನ ಕೆಲಸ ಕನ್ಫರ್ಮ್ ಆಗೋದು ಮೂರು ತಿಂಗಳು ಮುಂದಕ್ಕೆ ಹೋಯ್ತು.

ಈ ಕೆಲಸದವರಲ್ಲದ ಓದುಗರಿಗೆ ಎರಡು ಮಾತು. ಹಿಂದೆ ನೆಟ್‌ವರ್ಕ್ ಅಂದರೆ ಕೇಬಲ್ಲು, ಸ್ವಿಚ್ಚು, ಏಸಿ ರೂಮು. ಈಗ ಅದೆಲ್ಲ ಒಂದು ಫೈಲ್. ನನಗೆ ಇಂಥ ನೆಟ್‌ವರ್ಕ್ ಬೇಕು, ಅದರಲ್ಲಿ ಇಷ್ಟು ಭಾಗ ಬೇಕು ಅಂತ ಬರೆದಿಟ್ಟರೆ ಟೆರಾಫಾರ್ಮ್‌ನಂಥ ಟೂಲ್ ಅದನ್ನು ಓದಿ ಅಮೆಜಾನ್‌ನಲ್ಲೋ ಅಜೂರ್‌ನಲ್ಲೋ ಕಟ್ಟಿಕೊಡುತ್ತೆ. ಹ್ಯಾಶಿಕಾರ್ಪ್ ಇದನ್ನು ಹೊರಗೆ ಬಿಟ್ಟದ್ದು 2014ರಲ್ಲಿ. ಟೆರಾಫಾರ್ಮ್ ತನ್ನ ಹತ್ತಿರ ಒಂದು ಲೆಕ್ಕದ ಪುಸ್ತಕ ಇಟ್ಕೊಂಡಿರುತ್ತೆ, ಅದಕ್ಕೆ ಸ್ಟೇಟ್ ಅಂತಾರೆ. ಫೈಲಿನಲ್ಲಿ ಏನಿದೆ, ಪುಸ್ತಕದಲ್ಲಿ ಏನಿದೆ, ನಿಜವಾಗಿ ಕ್ಲೌಡ್‌ನಲ್ಲಿ ಏನಿದೆ ಅಂತ ತಾಳೆ ನೋಡಿ, ಇಷ್ಟು ಹೊಸದಾಗಿ ಕಟ್ಟುತ್ತೀನಿ, ಇಷ್ಟು ಬದಲಾಯಿಸ್ತೀನಿ, ಇಷ್ಟು ಕೆಡವುತ್ತೀನಿ ಅಂತ ಒಂದು ಪ್ಲಾನ್ ಮುಂದಿಡುತ್ತೆ. ನಾವು ಯೆಸ್ ಅಂದರೆ ಕೆಲಸ ಶುರು.

ನೆಟ್‌ವರ್ಕ್‌ನ ಒಳಗಿನ ತುಂಡುಗಳೇ ಸಬ್‌ನೆಟ್. ದೊಡ್ಡ ಜಮೀನನ್ನು ಪಾಲು ಮಾಡಿದ ಹಾಗೆ. 10.20.3.0/24 ಅಂದರೆ 256 ವಿಳಾಸಗಳ ಒಂದು ತುಂಡು. ಅಮೆಜಾನ್‌ನಲ್ಲಾದರೆ ಅದರಲ್ಲಿ 5 ವಿಳಾಸ ಅವರೇ ಇಟ್ಕೋತಾರೆ, ಬದು-ದಾರಿಗೆ ಬಿಟ್ಟ ಹಾಗೆ, ನಮಗೆ ಉಳಿಯೋದು 251. ಒಂದು ಮುಖ್ಯವಾದ ಸಂಗತಿ: ಒಮ್ಮೆ ಕಟ್ಟಿದ ಸಬ್‌ನೆಟ್‌ನ ಈ ಅಳತೆಯನ್ನು ಆಮೇಲೆ ತಿದ್ದೋಕೆ ಬರಲ್ಲ. ಬೇರೆ ಅಳತೆ ಬೇಕಂದ್ರೆ ಹಳೇದನ್ನು ಕೆಡವಿ ಹೊಸದು ಕಟ್ಟಬೇಕು. ಇದನ್ನು ನೆನಪಿಟ್ಕೊಳ್ಳಿ, ಮುಂದಿನ ಗೋಳೆಲ್ಲ ಇಲ್ಲಿಂದಲೇ ಹುಟ್ಟೋದು.

2018ರಲ್ಲಿ ನಾನೊಂದು ಲಿಸ್ಟ್ ಬರೆದೆ. ನಾಲ್ಕು ಸಬ್‌ನೆಟ್, ನಾಲ್ಕು ಸಾಲು. 10.20.1.0, 10.20.2.0, 10.20.3.0, 10.20.4.0. ಕೆಳಗೆ ಕೌಂಟ್ ಅಂತ ಹಾಕಿ, ಲಿಸ್ಟ್ ಎಷ್ಟು ಉದ್ದ ಇದೆಯೋ ಅಷ್ಟು ಸಬ್‌ನೆಟ್ ಕಟ್ಟು ಅಂದೆ. ಅದರ ಕೆಳಗೆ ರೂಟ್ ಟೇಬಲ್ ಜೋಡಣೆಗೂ ಅದೇ ಕೌಂಟ್. ಹತ್ತು ಸಾಲಿನಲ್ಲಿ ಇಡೀ ನೆಟ್‌ವರ್ಕ್ ಮುಗೀತು. ನೋಡಿದವರೆಲ್ಲ ಎಷ್ಟು ಕ್ಲೀನ್ ಆಗಿದೆ ಅಂದ್ರು. ನನಗೂ ಹಾಗೇ ಅನ್ನಿಸ್ತು. ಬೇರೆ ಮೂರು ಪ್ರಾಜೆಕ್ಟ್‌ನವರು ಅದನ್ನು ಕಾಪಿ ಹೊಡೆದುಕೊಂಡರು, ನಾನು ಒಳಗೊಳಗೇ ಬೀಗಿದೆ.

ಆ ಹತ್ತು ಸಾಲು ಟೆರಾಫಾರ್ಮ್‌ನ ಪುಸ್ತಕದಲ್ಲಿ ಏನಂತ ದಾಖಲಾಗಿತ್ತು ಗೊತ್ತಾ? ಪ್ರೈವೇಟ್ ಸೊನ್ನೆ, ಪ್ರೈವೇಟ್ ಒಂದು, ಪ್ರೈವೇಟ್ ಎರಡು, ಪ್ರೈವೇಟ್ ಮೂರು. ಅಷ್ಟೇ. ಯಾವುದರಲ್ಲಿ ಆ್ಯಪ್ ಓಡ್ತಿದೆ, ಯಾವುದರಲ್ಲಿ ಡೇಟಾಬೇಸ್ ಇದೆ, ಯಾವುದು ರಿಪೋರ್ಟಿಂಗ್‌ನವರದ್ದು, ಒಂದಕ್ಕೂ ಹೆಸರಿಲ್ಲ. ಸಾಲಿನಲ್ಲಿ ಎಷ್ಟನೆಯದು ಅನ್ನೋದೇ ಅದರ ಗುರುತು. ನ್ಯಾಯಬೆಲೆ ಅಂಗಡಿ ಮುಂದೆ ಕ್ಯೂ ನಿಂತವರನ್ನು ಹೆಸರು ಹಿಡಿದು ಕರೆಯದೆ, ಎರಡನೆಯವನು, ಮೂರನೆಯವನು ಅಂತ ಬರೆದುಕೊಂಡ ಹಾಗೆ.

2022ರಲ್ಲಿ ರಿಪೋರ್ಟಿಂಗ್ ಬೇರೆ ಕಡೆಗೆ ಹೋಯ್ತು. 10.20.2.0 ಖಾಲಿ ಬಿತ್ತು. ತೆಗೆದುಹಾಕು ಅಂತ ಟಿಕೆಟ್ ಬಂತು. ಟಿಕೆಟ್ ಸಿಕ್ಕಿದ್ದು ನಮ್ಮ ಟೀಮಿಗೆ ಬಂದು ಹನ್ನೊಂದು ತಿಂಗಳಾಗಿದ್ದ ಒಬ್ಬ ಹುಡುಗನಿಗೆ. ಹಿರಿಯೂರಿನ ಕಡೆಯವನು, ಕನ್ನಡ ಮೀಡಿಯಂ, ಮೀಟಿಂಗಲ್ಲಿ ಮಾತಾಡೋ ಮೊದಲು ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಜೋಡಿಸಿಕೊಳ್ಳುವವನು. ನಾನೂ ಹಾಗೇ ಇದ್ದವನು, ಗುರುತು ಸಿಗುತ್ತೆ.

ಅವನು ಯಾವ ಬುದ್ಧಿವಂತನೂ ಮಾಡುವುದನ್ನೇ ಮಾಡಿದ. ಲಿಸ್ಟಿನಿಂದ ಎರಡನೇ ಸಾಲು ತೆಗೆದ. ಪುಲ್ ರಿಕ್ವೆಸ್ಟ್ ನನ್ನ ಹತ್ತಿರ ಬಂತು. ಒಂದೇ ಒಂದು ಕೆಂಪು ಸಾಲು. ಟಿಕೆಟ್ ಹೇಳಿದ್ದು ಅದನ್ನೇ. ನಾನು ಎಲ್‌ಜಿಟಿಎಂ ಅಂತ ಒತ್ತಿದೆ, ಹದಿನೈದು ಸೆಕೆಂಡೂ ಆಗಿರಲಿಕ್ಕಿಲ್ಲ.

ಈಗ ಟೆರಾಫಾರ್ಮ್ ಕಣ್ಣಿಂದ ನೋಡಿ. ಎರಡನೇ ಸಾಲು ಹೋದ ಮೇಲೆ ಲಿಸ್ಟಿನಲ್ಲಿ ಉಳಿದದ್ದು ಮೂರು. ಪ್ರೈವೇಟ್ ಸೊನ್ನೆ ಇದ್ದ ಹಾಗೇ ಇದೆ, ಸರಿ. ಆದರೆ ಪ್ರೈವೇಟ್ ಒಂದು ಅನ್ನೋ ಜಾಗಕ್ಕೆ ಈಗ 10.20.3.0 ಬಂದು ನಿಂತಿದೆ. ಪುಸ್ತಕದ ಪ್ರಕಾರ ಅದು 10.20.2.0 ಆಗಿರಬೇಕು. ಅಳತೆ ತಿದ್ದೋಕೆ ಬರಲ್ಲ, ಹಾಗಾಗಿ ಕೆಡವು, ಹೊಸದು ಕಟ್ಟು. ಪ್ರೈವೇಟ್ ಎರಡು ಅನ್ನೋ ಜಾಗಕ್ಕೆ 10.20.4.0 ಬಂದಿದೆ. ಅದನ್ನೂ ಕೆಡವು, ಕಟ್ಟು. ಪ್ರೈವೇಟ್ ಮೂರು ಅನ್ನೋದೇ ಈಗ ಇಲ್ಲ. ಕೆಡವು. ಖಾಲಿ ಸೈಟ್ ಒಂದನ್ನು ತೆಗಿ ಅಂದರೆ, ಅದರ ಆಚೆಗಿನ ಎರಡು ಮನೆಗಳನ್ನು ಜನ ಒಳಗಿರುವಾಗಲೇ ಕೆಡವುವ ಪ್ಲಾನ್. ಮೂರು ಸಬ್‌ನೆಟ್, ಅವುಗಳ ಮೂರು ಜೋಡಣೆ, ಒಟ್ಟು ಕೆಡವುವುದು 6, ಕಟ್ಟುವುದು 4.

ಪ್ಲಾನ್ ಅದನ್ನು ಹೇಳಿತ್ತು, ಸುಳ್ಳು ಹೇಳಬಾರದು. ಆದರೆ ಅದೇ ವಾರ ಫೈನಾನ್ಸ್‌ನವರು ಖರ್ಚಿನ ಲೆಕ್ಕಕ್ಕೆ ಅಂತ ಎಲ್ಲದಕ್ಕೂ ಹೊಸ ಟ್ಯಾಗ್ ಹಾಕಿಸಿದ್ದರು. ಮೂವತ್ತೊಂದು ಬದಲಾವಣೆಗಳ ನೂರಾರು ಸಾಲುಗಳ ನಡುವೆ ಇದು ಹೂತುಹೋಗಿತ್ತು. ಕೊನೆಯ ಸಾಲಲ್ಲಿ ಮಾತ್ರ: 4 ಹೊಸದು, 31 ಬದಲಾವಣೆ, 6 ನಾಶ.

ಹುಡುಗ ಅದನ್ನು ನೋಡಿದ. ನೋಡಿ ನನಗೇ ಚಾಟ್ ಮಾಡಿದ. "ಸರ್, ಸಿಕ್ಸ್ ಡಿಸ್ಟ್ರಾಯ್ ತೋರಿಸ್ತಾ ಇದೆ, ಓಕೆನಾ ಸರ್?" ನಾನು ಬೇರೆ ಮೀಟಿಂಗಲ್ಲಿದ್ದೆ. "ರೂಟ್ ಟೇಬಲ್‌ದು ಇರುತ್ತೆ, ಗೋ ಅಹೆಡ್" ಅಂತ ಟೈಪ್ ಮಾಡಿದೆ.

ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ. ಟೆರಾಫಾರ್ಮ್ ಮೊದಲು ರೂಟ್ ಟೇಬಲ್ ಜೋಡಣೆಗಳನ್ನು ಕಿತ್ತಿತು. ಅಮೆಜಾನ್‌ನಲ್ಲಿ ಸಬ್‌ನೆಟ್‌ಗೆ ಪ್ರತ್ಯೇಕ ಜೋಡಣೆ ಇಲ್ಲ ಅಂದರೆ ಅದು ತಾನಾಗೇ ನೆಟ್‌ವರ್ಕ್‌ನ ಮುಖ್ಯ ರೂಟ್ ಟೇಬಲ್‌ಗೆ ಹೋಗಿ ಸೇರಿಕೊಳ್ಳುತ್ತೆ. ನಮ್ಮ ಮುಖ್ಯ ಟೇಬಲ್‌ನಲ್ಲಿ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಅಲ್ಲಿಗೆ ಮೂರು ಮತ್ತು ನಾಲ್ಕನೇ ಸಬ್‌ನೆಟ್‌ನಲ್ಲಿದ್ದ ಮಷೀನ್‌ಗಳೆಲ್ಲ ಬದುಕಿದ್ದೂ ಹೊರಜಗತ್ತಿನ ಪಾಲಿಗೆ ಸತ್ತವು. ಎಸ್‌ಎಂಎಸ್ ಕಳಿಸುವ ಕರೆ ಹೊರಗೆ ಹೋಗಲಿಲ್ಲ, ಒಟಿಪಿ ನಿಂತಿತು. ಖಾಲಿ ಇದ್ದ ಎರಡನೆಯದು ಸಲೀಸಾಗಿ ಹೋಯ್ತು. ಅದರ ಜಾಗದಲ್ಲಿ 10.20.3.0 ಕಟ್ಟೋಕೆ ಹೋದರೆ, ಹಳೇ 10.20.3.0 ಇನ್ನೂ ಅಲ್ಲೇ ಇದೆ, ವಿಳಾಸ ಡಿಕ್ಕಿ ಹೊಡೀತಿದೆ ಅಂತ ಎರರ್. ಹಳೇದನ್ನು ಕೆಡವೋಕೆ ಹೋದರೆ ಅದರೊಳಗೆ ಮಷೀನ್‌ಗಳಿವೆ, ಅಮೆಜಾನ್ ಬಿಡಲ್ಲ. ಟೆರಾಫಾರ್ಮ್ ಬಿಡದೆ ಇಪ್ಪತ್ತು ನಿಮಿಷ ಬಾಗಿಲು ತಟ್ಟುತ್ತಾ ನಿಂತಿತು. ಆ ಮಷೀನ್‌ಗಳು ಒಳಗಿದ್ದದ್ದೇ ನಮ್ಮ ಪುಣ್ಯ. ಖಾಲಿ ಇದ್ದಿದ್ದರೆ ಎಲ್ಲಾ ಶುದ್ಧವಾಗಿ ಕೆಡವಿ ಹಾಕಿರ್ತಿತ್ತು.

ಕೊನೆಗೆ ಕನ್ಸೋಲ್‌ಗೆ ಹೋಗಿ ಕೈಯಲ್ಲೇ ರೂಟ್ ಟೇಬಲ್ ಜೋಡಿಸಿದ್ವಿ. ಮುಕ್ಕಾಲು ಗಂಟೆ. ಹುಡುಗ ಪಕ್ಕದಲ್ಲಿ ನಿಂತಿದ್ದ. "ಸರ್, ಒಂದೇ ಲೈನ್ ತೆಗ್ದಿದ್ದು ಸರ್" ಅಂತ ಎರಡು ಮೂರು ಸಲ ಹೇಳಿದ. ನನಗಲ್ಲ, ತನಗೆ ತಾನೇ ಹೇಳಿಕೊಳ್ತಿದ್ದ ಅನ್ಸುತ್ತೆ.

ಆ ವಾರ ಊರಿಗೆ ಹೋದೆ. ಅರಸೀಕೆರೆ ಕಡೆ ನಮ್ಮದು ಸ್ವಲ್ಪ ತೆಂಗಿನ ತೋಟ, ಸ್ವಲ್ಪ ಹೊಲ. ಮುಖ ನೋಡಿ ಅಪ್ಪ ಏನಾಯ್ತು ಅಂದರು. ಹೇಳಿದೆ. ಹೇಗೆ ಹೇಳೋದು, ಜಮೀನಿನ ಲೆಕ್ಕದಲ್ಲೇ ಹೇಳಿದೆ. ನಾಲ್ಕು ತುಂಡು ಹೊಲ ಇತ್ತು ಕಣಪ್ಪ, ಎರಡನೇದು ಬೇಡ ಅಂತ ತೆಗೆದ್ರು, ಆಗ ಮೂರನೇದು ಎರಡನೇದಾಯ್ತು, ನಾಲ್ಕನೇದು ಮೂರನೇದಾಯ್ತು, ಅದಕ್ಕೆ ಎಲ್ಲಾ ಬದು ಕಿತ್ತು ಮತ್ತೆ ಹಾಕೋಕೆ ಹೋಯ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದೆಂಗ್ಲಾ ಆಗ್ತದೆ? ನಿಮ್ಮ ಚಿಕ್ಕಪ್ಪ ನಡುವಿನ ಹಿಸ್ಸಾ ಮಾರ್ಕೊಂಡ್ನಲ್ಲ, ಆವಾಗ ನನ್ನ ನಂಬರ್ ಏನಾದ್ರೂ ಬದ್ಲಾಯ್ತಾ?"

ಇಲ್ಲ, ಬದಲಾಗಲಿಲ್ಲ. ನಮ್ಮ ತಾತನ ಸರ್ವೆ ನಂಬರನ್ನು ಮೂವರು ಗಂಡುಮಕ್ಕಳಿಗೆ ಪೋಡಿ ಮಾಡಿದಾಗ ಬಾರ್ ಒಂದು, ಬಾರ್ ಎರಡು, ಬಾರ್ ಮೂರು ಆಯ್ತು. ಅಪ್ಪನದು ಬಾರ್ ಮೂರು. ಚಿಕ್ಕಪ್ಪ ತನ್ನ ಬಾರ್ ಎರಡನ್ನು ಬೇರೆಯವರಿಗೆ ಮಾರಿದ ಮೇಲೂ ಅಪ್ಪನದು ಬಾರ್ ಮೂರೇ. ಪಹಣಿಯಲ್ಲಿ ಅದೇ, ಸೊಸೈಟಿ ಸಾಲದ ಕಾಗದದಲ್ಲಿ ಅದೇ, ಬೋರ್‌ವೆಲ್ ಕರೆಂಟ್ ಅರ್ಜಿಯಲ್ಲೂ ಅದೇ. ನಡುವಿನವನು ಹೋದ ಅಂತ ಕಂದಾಯ ಇಲಾಖೆ ಎಲ್ಲರನ್ನೂ ಒಂದೊಂದು ಹೆಜ್ಜೆ ಮುಂದೆ ಸರಿಸಿದ್ದರೆ ಅಪ್ಪನ ಸಾಲ ಯಾರ ಹೊಲದ ಮೇಲೆ ಕೂರ್ತಿತ್ತೋ ದೇವರೇ ಬಲ್ಲ. ಅದೂ ಸಾಲದು ಅಂತ ಕ್ರಯಪತ್ರದಲ್ಲಿ ಚಕ್ಕುಬಂದಿ ಬೇರೆ ಬರೀತಾರೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ. ನಂಬರು ತಪ್ಪಿದರೂ ಹೊಲ ಯಾವುದು ಅಂತ ಗೊತ್ತಾಗಬೇಕು.

ಕಂಪ್ಯೂಟರ್ ಇಲ್ಲದ ಕಾಲದ ಶಾನುಭೋಗರಿಗೆ ಗೊತ್ತಿದ್ದದ್ದು, ಬಿಇ ಓದಿ ಡೇಟಾ ಸ್ಟ್ರಕ್ಚರ್ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡ ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು, ಹಚ್ಚಿ ನೋಡಲಿಲ್ಲ. ಅರೇಯ ನಡುವಿನಿಂದ ಒಂದು ತೆಗೆದರೆ ಹಿಂದಿನದೆಲ್ಲ ಸರಿಯುತ್ತೆ ಅಂತ ಎರಡನೇ ವರ್ಷದಲ್ಲೇ ಬರೆದಿದ್ದೆ ನಾನು, ಚಿತ್ರ ಸಮೇತ.

ಈಗ ವಾದಕ್ಕೆ ಬರೋಣ.

ಹೆಸರಿರುವ ವಸ್ತುವನ್ನು, ಅಂದರೆ ಒಳಗೆ ಯಾರೋ ವಾಸ ಇರುವ, ಬೇರೆಯವರು ಅದರ ವಿಳಾಸ ನಂಬಿಕೊಂಡಿರುವ ವಸ್ತುವನ್ನು ಲಿಸ್ಟಿನ ಸ್ಥಾನದಿಂದ ಗುರುತಿಸುವುದು ತಪ್ಪು. ಸಬ್‌ನೆಟ್ ಅಂಥ ವಸ್ತು. ರೂಟ್ ಟೇಬಲ್, ನ್ಯಾಟ್ ಗೇಟ್‌ವೇ, ಪೀರಿಂಗ್, ಎಲ್ಲ ಅಂಥವೇ. ಇವಕ್ಕೆ ಮ್ಯಾಪ್ ಬರೀರಿ. ಎಡಗಡೆ ಹೆಸರು, ಬಲಗಡೆ ಅಳತೆ ಮತ್ತು ಯಾವ ಝೋನ್ ಅನ್ನೋದು. ಆ್ಯಪ್-ಎ ಅಂದರೆ 10.20.1.0, ಡೇಟಾ-ಎ ಅಂದರೆ 10.20.3.0. ಕೌಂಟ್ ಬದಲು ಫಾರ್ ಈಚ್ ಹಾಕಿ. ಆಗ ಪುಸ್ತಕದಲ್ಲಿ ಹೆಸರೇ ದಾಖಲಾಗುತ್ತೆ. ರಿಪೋರ್ಟಿಂಗ್ ಸಾಲು ತೆಗೆದರೆ ರಿಪೋರ್ಟಿಂಗ್ ಮಾತ್ರ ಹೋಗುತ್ತೆ. ಪಕ್ಕದ ಮನೆಯವರಿಗೆ ಗೊತ್ತೂ ಆಗಲ್ಲ.

ಇದಕ್ಕೆ ಸೀನಿಯರ್‌ಗಳು ಹೇಳುವ ಮೊದಲ ಮಾತು: "ಕೊನೇಲಿ ಮಾತ್ರ ಸೇರಿಸಬೇಕು, ನಡುವೆ ತೆಗೀಬಾರದು, ಅಷ್ಟು ಗೊತ್ತಿರಬೇಕಲ್ವಾ?" ಎಲ್ಲಿ ಬರೆದಿದೆ ಅದು? ನಿಮ್ಮ ತಲೆಯಲ್ಲಿ. ನೀವು ಹೈಕ್ ಸಿಕ್ಕಿ ಬೇರೆ ಕಂಪನಿಗೆ ಹೋದ ದಿನ ಆ ನಿಯಮವೂ ನಿಮ್ಮ ಜೊತೆಗೇ ಹೋಯ್ತು. ಕೆಲವರು ಲಿಸ್ಟಿನ ಮೇಲೆ ಕಾಮೆಂಟ್ ಬರೆದಿರ್ತಾರೆ, ದಯವಿಟ್ಟು ಕ್ರಮ ಬದಲಾಯಿಸಬೇಡಿ ಅಂತ. ಇನ್ನು ಕೆಲವರು ಬೇಡವಾದ ಸಬ್‌ನೆಟ್‌ಗಳನ್ನು ಹಾಗೇ ಸಾಕಿಕೊಂಡಿರ್ತಾರೆ, ತೆಗೆದರೆ ಆಚೆಯದು ಕುಸಿಯುತ್ತೆ ಅನ್ನೋ ಭಯಕ್ಕೆ. ನಾಲ್ಕು ವರ್ಷದಿಂದ ಒಂದು ಮಷೀನೂ ಇಲ್ಲದ ಸಬ್‌ನೆಟ್ಟನ್ನು ಜಾಗ ಹಿಡಿಯೋಕೆ ಅಂತ ಇಟ್ಟುಕೊಂಡಿರೋ ಕೋಡ್ ನಾನು ಕಣ್ಣಾರೆ ನೋಡಿದ್ದೀನಿ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಟವೆಲ್ ಯಾರದ್ದು ಅಂತ ಕಂಡಕ್ಟರ್‌ಗೂ ಗೊತ್ತಿಲ್ಲ.

ಎರಡನೇ ಮಾತು: "ನಮ್ಮ ಲಿಸ್ಟನ್ನು ಯಾರೂ ಮುಟ್ಟಲ್ಲ." ಯಾರೂ ಮುಟ್ಟದೇನೂ ಅದು ಕೆಡಬಹುದು. ಮುಂಬೈ ರೀಜನ್ ನೆನಪು ಮಾಡ್ಕೊಳ್ಳಿ. ಅಮೆಜಾನ್ ಅದನ್ನು 2016ರಲ್ಲಿ ಎರಡು ಝೋನ್ ಇಟ್ಟುಕೊಂಡು ಶುರು ಮಾಡಿತು. ಮೂರನೇ ಝೋನ್ ಬಂದದ್ದು 2019ರಲ್ಲಿ. ಝೋನ್‌ಗಳ ಪಟ್ಟಿಯನ್ನು ಕೈಯಲ್ಲಿ ಬರೆಯದೆ ಅಮೆಜಾನ್‌ನಿಂದಲೇ ಕೇಳಿ ತಗೋ ಅಂತ ಕೋಡ್ ಬರೆಯೋದು ಬಹಳ ಜನರ ರೂಢಿ, ಅದು ಜಾಣತನ ಅಂತಲೂ ಹೇಳಿಕೊಡ್ತಾರೆ. ಎರಡು ಝೋನ್ ಇದ್ದಾಗ ನಾಲ್ಕು ಸಬ್‌ನೆಟ್‌ಗಳನ್ನು ಎಲಿಮೆಂಟ್ ಫಂಕ್ಷನ್ ಸುತ್ತು ಹಾಕಿ ಎ, ಬಿ, ಎ, ಬಿ ಅಂತ ಹಂಚುತ್ತೆ. ಮೂರನೆಯದು ಬಂದ ದಿನ ಅದೇ ಕೋಡ್ ಎ, ಬಿ, ಸಿ, ಎ ಅನ್ನುತ್ತೆ. ಮೂರನೆಯದನ್ನೂ ನಾಲ್ಕನೆಯದನ್ನೂ ಕೆಡವಿ ಬೇರೆ ಝೋನ್‌ನಲ್ಲಿ ಕಟ್ಟಬೇಕು ಅಂತ ಪ್ಲಾನ್ ಬರುತ್ತೆ. ನಿಮ್ಮ ಫೈಲಿನಲ್ಲಿ ಒಂದು ಅಕ್ಷರ ಬದಲಾಗಿಲ್ಲ!

ಇದಕ್ಕಿಂತ ಕೆಟ್ಟ ಇನ್ನೊಂದು ಜಾಣತನ ಇದೆ. ಝೋನ್ ಎಷ್ಟಿವೆಯೋ ಅಷ್ಟು ಪ್ರೈವೇಟ್ ಸಬ್‌ನೆಟ್, ಅವು ಸೊನ್ನೆಯಿಂದ ಶುರು. ಆಮೇಲೆ ಅಷ್ಟೇ ಪಬ್ಲಿಕ್ ಸಬ್‌ನೆಟ್, ಅವು ಪ್ರೈವೇಟ್ ಮುಗಿದಲ್ಲಿಂದ ಶುರು. ಅಳತೆಯನ್ನು ಲೆಕ್ಕ ಹಾಕಿಯೇ ತೆಗೆಯೋದು. ಎರಡು ಝೋನ್ ಇದ್ದಾಗ ಪಬ್ಲಿಕ್ ಎರಡು ಮತ್ತು ಮೂರನೇ ತುಂಡು. ಝೋನ್ ಮೂರಾದ ತಕ್ಷಣ ಪಬ್ಲಿಕ್ ಮೂರು, ನಾಲ್ಕು, ಐದನೇ ತುಂಡಾಗಬೇಕು. ಇದ್ದ ಪಬ್ಲಿಕ್ ಸಬ್‌ನೆಟ್ ಎಲ್ಲಾ ಕೆಡವಬೇಕು, ಅದರಲ್ಲಿ ಕೂತಿರುವ ನ್ಯಾಟ್ ಗೇಟ್‌ವೇ ಸಮೇತ. ಹೊಸ ಪ್ರೈವೇಟ್ ಸಬ್‌ನೆಟ್ಟಿಗೆ ಹಳೇ ಪಬ್ಲಿಕ್‌ನ ಜಾಗ ಬೇಕು, ಅದು ಖಾಲಿಯಾಗಿಲ್ಲ. ಇದನ್ನು ಬರೆದವರಿಗೆ ಡಿಸೈನ್ ರಿವ್ಯೂನಲ್ಲಿ ಚಪ್ಪಾಳೆ ಬಿದ್ದಿರುತ್ತೆ, ಅನುಮಾನವೇ ಬೇಡ. ಒಂದು ಸೂತ್ರ, ಎಷ್ಟು ಝೋನ್ ಬಂದರೂ ತಾನೇ ಹೊಂದಿಕೊಳ್ಳುತ್ತೆ ಅಂತ.

ಮೂರನೇ ಮಾತು ಸ್ವಲ್ಪ ತೂಕ ಇರೋದು: "ಫಾರ್ ಈಚ್ ಹಾಕಿದ್ರೆ ಎರರ್ ಬರುತ್ತೆ." ಹೌದು, ಬರುತ್ತೆ. ಕೀ ಅನ್ನೋದು ಪ್ಲಾನ್ ಮಾಡುವಾಗಲೇ ಗೊತ್ತಿರಬೇಕು. ಇನ್ನೂ ಕಟ್ಟಿಲ್ಲದ ವಸ್ತುವಿನ ಐಡಿಯನ್ನು ಕೀ ಮಾಡಿಕೊಂಡರೆ ಟೆರಾಫಾರ್ಮ್ ಒಪ್ಪಲ್ಲ. ನಾನೂ ಒಂದು ಇಡೀ ಸಂಜೆ ಅದರ ಜೊತೆ ಗುದ್ದಾಡಿದ್ದೀನಿ. ಆದರೆ ಹುಟ್ಟದ ಮಗುವಿನ ಆಧಾರ್ ನಂಬರ್ ಕೇಳಿದರೆ ಸಿಗುತ್ತಾ? ಹೆಸರು ನೀವು ಇಡಿ, ಐಡಿಯನ್ನು ಬಲಗಡೆಗೆ ಹಾಕಿ, ಎರರ್ ಹೋಗುತ್ತೆ. ಈ ಎರರ್ ಕಂಡು ಗಾಬರಿಯಾಗಿ ವಾಪಸ್ ಕೌಂಟ್‌ಗೆ ಹೋಗೋದು ಸೋಮಾರಿತನ.

ಕೌಂಟ್ ಎಲ್ಲಾ ಕಡೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದೇ ಥರದ ಐದು ಕೆಲಸದ ಮಷೀನ್, ಯಾವುದು ಹೋದರೂ ವ್ಯತ್ಯಾಸವಿಲ್ಲ, ಅಲ್ಲಿ ಕೌಂಟ್ ಸರಿ. ಇದು ಬೇಕೋ ಬೇಡವೋ, ಸೊನ್ನೆ ಅಥವಾ ಒಂದು, ಅಲ್ಲೂ ಸರಿ. ಕ್ರಮವೇ ಅರ್ಥವಾಗಿರುವ ಕಡೆ ಲಿಸ್ಟ್ ಬೇಕೇ ಬೇಕು. ಆದರೂ ನೋಡಿ, ಕ್ರಮ ಮುಖ್ಯವಾದ ನೆಟ್‌ವರ್ಕ್ ಎಸಿಎಲ್‌ನಲ್ಲಿ ಪ್ರತಿ ನಿಯಮಕ್ಕೂ ಕೈಯಲ್ಲೇ ನಂಬರ್ ಕೊಡ್ತೀವಿ, 100, 200, 300 ಅಂತ ಜಾಗ ಬಿಟ್ಟು, ನಾಳೆ ನಡುವೆ ಒಂದು ತೂರಿಸಬೇಕಾದರೆ ಇರಲಿ ಅಂತ. ಅದನ್ನು ಯೋಚಿಸಿದವರು ನಮ್ಮ ಶಾನುಭೋಗರ ಕಡೆಯವರೇ ಇರಬೇಕು.

ಇನ್ನು ನನ್ನ ನೆಪ. ನನಗೂ ಒಂದು ಒಳ್ಳೇ ನೆಪ ಇತ್ತು. 2018ರಲ್ಲಿ ರಿಸೋರ್ಸ್‌ಗಳಿಗೆ ಫಾರ್ ಈಚ್ ಇರಲೇ ಇಲ್ಲ. ಅದು ಬಂದದ್ದು 2019ರ ಮಧ್ಯದಲ್ಲಿ, 0.12.6 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಹಲವು ಸಬ್‌ನೆಟ್ ಬೇಕಂದ್ರೆ ಕೌಂಟ್ ಬಿಟ್ಟರೆ ಗತಿ ಇರಲಿಲ್ಲ. ಅಂದರೆ ನಾನು ಬರೆದ ದಿನ ತಪ್ಪು ಮಾಡಿರಲಿಲ್ಲ. ಈ ಮಾತನ್ನು ಸುಮಾರು ರಾತ್ರಿ ನನಗೆ ನಾನೇ ಹೇಳಿಕೊಂಡಿದ್ದೀನಿ.

ಆದರೆ 2019ರಿಂದ 2022ರವರೆಗೆ? ಫಾರ್ ಈಚ್ ಬಂದಾಗ ಓದಿದ್ದೆ. ಹೊಸ ಪ್ರಾಜೆಕ್ಟ್‌ಗಳಲ್ಲಿ ಬಳಸಿದ್ದೆ ಕೂಡ. ಹಳೇದನ್ನು ಮಾತ್ರ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಅಂದರೆ, ಕೌಂಟ್‌ನಿಂದ ಫಾರ್ ಈಚ್‌ಗೆ ಬದಲಾಯಿಸೋದು ಅಪಾಯದ ಕೆಲಸ. ಸುಮ್ಮನೆ ಕೋಡ್ ಬದಲಾಯಿಸಿದರೆ ನಾಲ್ಕನ್ನೂ ಕೆಡವಿ ನಾಲ್ಕನ್ನೂ ಕಟ್ಟುತ್ತೀನಿ ಅನ್ನುತ್ತೆ. ಮೊದಲು ಪುಸ್ತಕದಲ್ಲಿ ಖಾತೆ ಬದಲಾವಣೆ ಮಾಡಿಸಬೇಕು. ಪ್ರೈವೇಟ್ ಸೊನ್ನೆ ಇನ್ನು ಮೇಲೆ ಆ್ಯಪ್-ಎ, ಪ್ರೈವೇಟ್ ಎರಡು ಇನ್ನು ಮೇಲೆ ಡೇಟಾ-ಎ ಅಂತ. ಇದನ್ನು ಸ್ಟೇಟ್ ಮೂವ್ ಅನ್ನೋ ಕಮಾಂಡಿನಿಂದ ಒಂದೊಂದಾಗಿ ಮಾಡಬಹುದಿತ್ತು. 2021ರ ಕೊನೆಯಲ್ಲಿ 1.1 ಆವೃತ್ತಿ ಬಂದ ಮೇಲಂತೂ ಮೂವ್ಡ್ ಅಂತ ಕೋಡಿನಲ್ಲೇ ಬರೆದರೆ ಸಾಕು. ಪ್ಲಾನ್‌ನಲ್ಲಿ ಸೊನ್ನೆ ಹೊಸದು, ಸೊನ್ನೆ ನಾಶ ಬಂದರೆ ಕೆಲಸ ಸರಿಯಾಗಿದೆ ಅಂತ ಅರ್ಥ. ಒಂದು ಮಧ್ಯಾಹ್ನದ ಕೆಲಸ. ಆದರೆ ಇಂಥ ಕೆಲಸಕ್ಕೆ ಅಪ್ರೈಸಲ್‌ನಲ್ಲಿ ಕಾಲಂ ಇಲ್ಲ. ಏನೂ ಮುರಿಯದ ಹಾಗೆ ನೋಡಿಕೊಂಡೆ ಅಂತ ಬರೆದರೆ ಮ್ಯಾನೇಜರ್ ಏನಂತಾರೆ? ಹೊಸದಾಗಿ ಏನು ಮಾಡಿದ್ರಿ ಅಂತಾರೆ.

ಬೇರೇನೂ ಮಾಡದಿದ್ದರೂ, ಸಬ್‌ನೆಟ್‌ಗಳ ಮೇಲೆ ಪ್ರಿವೆಂಟ್ ಡಿಸ್ಟ್ರಾಯ್ ಅಂತ ಒಂದು ಸಾಲು ಹಾಕಬಹುದಿತ್ತು. ಆಗ ಪ್ಲಾನ್ ಅಲ್ಲೇ ನಿಂತು ಕೂಗ್ತಿತ್ತು. ಹುಡುಗ ನನ್ನನ್ನು ಕೇಳುವ ಅಗತ್ಯವೇ ಇರ್ತಿರಲಿಲ್ಲ. ನಾನು ಗೋ ಅಹೆಡ್ ಅಂದರೂ ಅದು ಹೋಗ್ತಿರಲಿಲ್ಲ.

ಇದನ್ನೆಲ್ಲ ಮೀಟಿಂಗಲ್ಲಿ ಹೇಳಬೇಕಾಗಿತ್ತು. ಗುರುವಾರ ಬೆಳಗ್ಗೆ ಆರ್‌ಸಿಎ ಮೀಟಿಂಗ್, ಹದಿನಾಲ್ಕು ಜನ. ಡಾಕ್ಯುಮೆಂಟ್ ಬರೆಯೋಕೆ ಹುಡುಗನಿಗೇ ಹೇಳಿದ್ದರು, ಇಂಗ್ಲಿಷಿನಲ್ಲಿ. ಮೂಲ ಕಾರಣ ಅನ್ನೋ ಕಾಲಂನಲ್ಲಿ ಅವನೇ ಬರೆದಿದ್ದ, ಹ್ಯೂಮನ್ ಎರರ್, ಇಂಜಿನಿಯರ್ ಪ್ಲಾನನ್ನು ಸರಿಯಾಗಿ ಪರಿಶೀಲಿಸಲಿಲ್ಲ ಅಂತ. ಹಾಗೆ ಬರೆದರೆ ಬೇಗ ಮುಗಿಯುತ್ತೆ ಅಂತ ಯಾರೋ ಹೇಳಿಕೊಟ್ಟಿದ್ದರು. ನಮ್ಮ ಚಾಟ್‌ನ ಸ್ಕ್ರೀನ್‌ಶಾಟ್ ಅದರಲ್ಲಿ ಇರಲಿಲ್ಲ. ಅವನು ಹಾಕಿರಲಿಲ್ಲ. ಓದುವಾಗ ನನ್ನ ಕಡೆ ನೋಡಲೂ ಇಲ್ಲ. ನಾನು ಪ್ಲಾನ್ ರಿವ್ಯೂಗೆ ಒಂದು ಚೆಕ್‌ಲಿಸ್ಟ್ ಮಾಡೋಣ ಅಂತ ಸಲಹೆ ಕೊಟ್ಟೆ. ಎಲ್ಲರೂ ಒಳ್ಳೇ ಐಡಿಯಾ ಅಂದ್ರು. ಆಕ್ಷನ್ ಐಟಂ ಅಂತ ಬರ್ಕೊಂಡ್ರು.

ಚೆಕ್‌ಲಿಸ್ಟ್! ಒಂದು ಸಾಲು ತೆಗೆದರೆ ಮೂರು ಸಬ್‌ನೆಟ್ ಕೆಡವುವ ಕೋಡ್ ಇಟ್ಟುಕೊಂಡು, ಅದನ್ನು ಮುಟ್ಟುವವರ ಕೈಗೆ ಕಾಗದ ಕೊಡೋದು. ಬಾವಿಗೆ ಕಟ್ಟೆ ಕಟ್ಟದೆ, ಬಾವಿ ಹತ್ತಿರ ಜಾಗ್ರತೆಯಾಗಿ ನಡೆಯಿರಿ ಅಂತ ಮಕ್ಕಳಿಂದ ಸಹಿ ತಗೊಂಡ ಹಾಗೆ. ನಮ್ಮ ಇಡೀ ಉದ್ಯಮದಲ್ಲಿ ಹ್ಯೂಮನ್ ಎರರ್ ಅನ್ನೋ ಎರಡು ಪದ ಎಷ್ಟು ಜನ ಸೀನಿಯರ್‌ಗಳ ಮಾನ ಕಾಪಾಡಿದೆಯೋ. ಎರರ್ ಮಾಡಿದ ಹ್ಯೂಮನ್ ಯಾರು ಅಂತ ಹುಡುಕುವಾಗ ಮಾತ್ರ ನಾವು ಯಾವಾಗಲೂ ಲಿಸ್ಟಿನ ಕೊನೆಯಿಂದ ಶುರು ಮಾಡ್ತೀವಿ, ಹೊಸದಾಗಿ ಬಂದು ಕೊನೆಯಲ್ಲಿ ನಿಂತವನಿಂದ.

ಅವನ ಕನ್ಫರ್ಮೇಶನ್ ಮೂರು ತಿಂಗಳು ಮುಂದೆ ಹೋಯ್ತು. ನನಗೆ ಆ ವರ್ಷ ಪ್ರಮೋಷನ್ ಆಯ್ತು. ಒಂದಕ್ಕೊಂದು ಸಂಬಂಧ ಇಲ್ಲ ಅಂತ ನಾನು ಅಂದುಕೊಂಡಿದ್ದೀನಿ. ಕನ್ಫರ್ಮ್ ಆದ ಎರಡು ತಿಂಗಳಿಗೆ ಅವನು ಬಿಟ್ಟು ಹೋದ. ಹೋಗುವ ದಿನ ಕೆಳಗೆ ಟೀ ಅಂಗಡಿಯಲ್ಲಿ ಸಿಕ್ಕಿದ. ಸರ್ ಹೋಗಿ ಅಣ್ಣ ಆಗಿತ್ತು. "ಅಣ್ಣ, ಆ ಲಿಸ್ಟ್ ಚೇಂಜ್ ಮಾಡಿದ್ರಾ?" ಅಂತ ಕೇಳಿದ. ಮಾಡಿದ್ದೆ. ಆ ಗುರುವಾರ ರಾತ್ರಿಯೇ ಕೂತು ಮಾಡಿದ್ದೆ, ಎರಡೂವರೆ ಗಂಟೆ ಹಿಡೀತು. ಹೇಳಿದೆ. "ಹೌದಾ, ಒಳ್ಳೇದಾಯ್ತಣ್ಣ" ಅಂದ. ಟೀ ದುಡ್ಡು ಅವನೇ ಕೊಟ್ಟ, ನನಗೆ ಕೊಡೋಕೆ ಬಿಡಲಿಲ್ಲ.

ನನ್ನ ಹತ್ತು ಸಾಲನ್ನು ಕಾಪಿ ಹೊಡೆದ ಮೂರು ಪ್ರಾಜೆಕ್ಟ್‌ಗಳಲ್ಲಿ ಎರಡನ್ನು ಸರಿ ಮಾಡಿಸಿದ್ದೀನಿ. ಮೂರನೆಯದರ ಟೀಮಿನವರು ಮುಂದಿನ ಕ್ವಾರ್ಟರ್ ನೋಡೋಣ ಅಂತಿದ್ದಾರೆ, ಇದು ಐದನೇ ಮುಂದಿನ ಕ್ವಾರ್ಟರ್. ಅಲ್ಲೂ ಒಬ್ಬ ಹೊಸ ಹುಡುಗಿ ಸೇರಿದ್ದಾಳೆ ಅಂತ ಕೇಳಿದೆ.

ಆ ಆರ್‌ಸಿಎ ಡಾಕ್ಯುಮೆಂಟ್ ಇವತ್ತಿಗೂ ನಮ್ಮ ವಿಕಿಯಲ್ಲಿದೆ, ಮೂಲ ಕಾರಣದ ಎದುರಿಗೆ ಅವನ ಹೆಸರಿನ ಜೊತೆ. ಹೋದ ವಾರ ತಿದ್ದೋಕೆ ಹೋದೆ. ಮುಗಿದ ಆರ್‌ಸಿಎಗಳನ್ನು ಲಾಕ್ ಮಾಡಿಟ್ಟಿರ್ತಾರಂತೆ. ಎಡಿಟ್ ಪರ್ಮಿಷನ್ ಕೇಳಿ ಮೇಲ್ ಹಾಕಿದ್ದೀನಿ, ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿಟ್ಟು. ಯಾಕೆ ಬೇಕು ಅಂತ ವಾಪಸ್ ಕೇಳಿದ್ದಾರೆ.